ಆರನೆಯ ಪುಸ್ತಕ ಮೊದಲು ಕೈಗೆ ಬಂದಾಗ: ದೀರ್ಘ ಸರಣಿಯ ಐತಿಹಾಸಿಕ ಪ್ರೇಮಕಾದಂಬರಿಯನ್ನು ನಡುವಿನಿಂದ ಓದುವ ಬಗೆ

ಹಳೆಯ ಪುಸ್ತಕದಂಗಡಿಗಳಲ್ಲಿ ಸರಣಿಗಳು ಪೂರ್ತಿಯಾಗಿ ಸಿಗುವುದು ಅಪರೂಪ. ಎರಡನೆಯದು ಸಿಗುತ್ತದೆ, ಆರನೆಯದು ಸಿಗುತ್ತದೆ. ಮೊದಲನೆಯದನ್ನು ಯಾರೋ ಪ್ರೀತಿಯಿಂದ ಮನೆಯಲ್ಲೇ ಉಳಿಸಿಕೊಂಡಿರುತ್ತಾರೆ. ಜೂಲಿಯಾ ಕ್ವಿನ್ ಬರೆದ ಬ್ರಿಜರ್ಟನ್ ಮನೆತನದ ಎಂಟು ಕಾದಂಬರಿಗಳಲ್ಲಿ ನನಗೆ ಮೊದಲು ಸಿಕ್ಕಿದ್ದು ಆರನೆಯದು, 2004ರಲ್ಲಿ ಬಂದ ‘ವೆನ್ ಹಿ ವಾಸ್ ವಿಕೆಡ್’. ಬೆಂಗಳೂರಿನ ಫುಟ್‌ಪಾತಿನಲ್ಲಿ ಹರವಿದ್ದ ರಾಶಿಯಲ್ಲಿ, ಬೆನ್ನು ಬಿರಿದು, ಮೂಲೆಗಳು ಸುರುಟಿಕೊಂಡಿದ್ದ ಪ್ರತಿ. ಮನೆಗೆ ತಂದು ಓದತೊಡಗಿದೆ. ಯಾರು ಯಾರ ಅಣ್ಣ, ಯಾರ ಮದುವೆ ಆಗಿದೆ, ಯಾರದು ಆಗಿಲ್ಲ ಎಂಬುದು ತಲೆಗೆ ಹತ್ತದೆ ಮುಚ್ಚಿಟ್ಟೆ. ಆರು ತಿಂಗಳ ಮೇಲೆ ಮತ್ತೆ ತೆರೆದಾಗ ಒಂದು ಹಾಳೆ, ಒಂದು ಪೆನ್ಸಿಲ್ ಇಟ್ಟುಕೊಂಡು ಕುಳಿತೆ. ಆ ಸಲ ಪುಸ್ತಕ ನನ್ನನ್ನು ಬಿಡಲಿಲ್ಲ. ಆ ಎರಡನೆಯ ಓದಿನಲ್ಲಿ ನಾನು ಕಂಡುಕೊಂಡ ದಾರಿಯನ್ನೇ ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ.

ನಡುವಿನಿಂದ ಓದುವುದು ತಪ್ಪು ಎಂಬ ಭಾವನೆಯನ್ನು ಮೊದಲು ಬಿಡಬೇಕು. ನಮ್ಮ ಮನೆಗಳಲ್ಲಿ ವಾರಪತ್ರಿಕೆಯ ಧಾರಾವಾಹಿಯನ್ನು ಮೊದಲ ಕಂತಿನಿಂದಲೇ ಓದಿದವರು ಎಷ್ಟು ಜನ? ಪಕ್ಕದ ಮನೆಯಿಂದ ಬಂದ ಸಂಚಿಕೆಯಲ್ಲಿ ಯಾವ ಕಂತು ಇದೆಯೋ ಅಲ್ಲಿಂದಲೇ ಶುರು. ಹಿಂದಿನದನ್ನು ಯಾರಾದರೂ ಬಾಯಲ್ಲಿ ಹೇಳುತ್ತಿದ್ದರು, ಇಲ್ಲವಾದರೆ ಓದುತ್ತಾ ಊಹಿಸಿಕೊಳ್ಳುತ್ತಿದ್ದರು. ಆ ಊಹೆಯಲ್ಲಿ ಒಂದು ರುಚಿಯಿತ್ತು. ನನ್ನ ಮಟ್ಟಿಗೆ, ಸರಣಿಯ ಕೊನೆಯ ಭಾಗದ ಪುಸ್ತಕವೊಂದು ಹಿಂದಿನ ಪುಸ್ತಕಗಳ ಮುಂದುವರಿಕೆಯಷ್ಟೇ ಅಲ್ಲ. ಹಿಂದಿನ ಪುಸ್ತಕಗಳು ಬೇರೆ ಕಡೆ ನೋಡುತ್ತಿದ್ದಾಗ ಮನೆಯ ಇನ್ನೊಂದು ಕೋಣೆಯಲ್ಲಿ ಏನು ನಡೆಯುತ್ತಿತ್ತು ಎಂಬುದು ಅದರಲ್ಲಿರುತ್ತದೆ. ಅದಕ್ಕೆ ತಕ್ಕ ತಯಾರಿ ಮಾಡಿಕೊಂಡರೆ ಆರನೆಯದನ್ನು ಮೊದಲು ಓದಿದವರಿಗೆ ನಷ್ಟವಿಲ್ಲ.

ಯಾವ ಬಗೆಯ ಸರಣಿ ಎಂದು ತಿಳಿದುಕೊಳ್ಳಿ

ಪುಸ್ತಕ ತೆರೆಯುವ ಮೊದಲು ಒಂದೇ ಪ್ರಶ್ನೆ ಕೇಳಿಕೊಳ್ಳಿ: ಇದು ಒಂದೇ ಜೋಡಿಯ ಕಥೆಯೇ, ಇಲ್ಲ ಒಂದೊಂದು ಪುಸ್ತಕಕ್ಕೆ ಒಂದೊಂದು ಜೋಡಿಯೇ? ಹಿಂಬದಿಯ ರಕ್ಷಾಪುಟ ಓದಿದರೆ ಎರಡು ನಿಮಿಷದಲ್ಲಿ ತಿಳಿಯುತ್ತದೆ.

ಒಂದೇ ಜೋಡಿಯ ಸರಣಿಯಾದರೆ ಕೊನೆಯ ಪುಸ್ತಕಗಳಿಂದ ಶುರು ಮಾಡಬೇಡಿ. ‘ಔಟ್‌ಲ್ಯಾಂಡರ್’ ಅಂಥದ್ದು. 1991ರಲ್ಲಿ ಮೊದಲ ಪುಸ್ತಕ, 2021ರಲ್ಲಿ ಒಂಬತ್ತನೆಯದು. ಉದ್ದಕ್ಕೂ ಅದೇ ಗಂಡ, ಅದೇ ಹೆಂಡತಿ, ಅವರದೇ ಗಾಯಗಳು. ಒಂಬತ್ತನೆಯದನ್ನು ಮೊದಲು ಓದುವುದೆಂದರೆ ಬೇರೆಯವರ ಮನೆಯ ಷಷ್ಟ್ಯಬ್ದಿಗೆ ಹೋಗಿ ಕುಳಿತ ಹಾಗೆ. ಊಟ ಚೆನ್ನಾಗಿರುತ್ತದೆ, ಆದರೆ ಯಾರ ಕಣ್ಣಲ್ಲಿ ಏಕೆ ನೀರು ಬಂತು ಎಂಬುದು ತಿಳಿಯುವುದಿಲ್ಲ.

ಆದರೆ ಇಂಥ ಸರಣಿಗಳಲ್ಲೂ ನಡುವೆ ಒಂದು ಬಾಗಿಲು ಇರುವುದುಂಟು. ಕಾರ್ನ್‌ವಾಲಿನ ಗಣಿಗಳ ಸುತ್ತ ವಿನ್‌ಸ್ಟನ್ ಗ್ರಹಾಂ ಬರೆದ ‘ಪೋಲ್ಡಾರ್ಕ್’ ಹನ್ನೆರಡು ಪುಸ್ತಕಗಳ ಸರಣಿ, 1945ರಿಂದ 2002ರವರೆಗೆ ಬಂದದ್ದು. ಏಳನೆಯ ಪುಸ್ತಕ 1799ರಲ್ಲಿ ನಿಲ್ಲುತ್ತದೆ, ಎಂಟನೆಯದು 1810ರಲ್ಲಿ ತೆರೆಯುತ್ತದೆ. ಅಷ್ಟರಲ್ಲಿ ಮಕ್ಕಳು ದೊಡ್ಡವರಾಗಿದ್ದಾರೆ, ಪ್ರೀತಿಸುವ ವಯಸ್ಸು ಅವರಿಗೆ ಬಂದಿದೆ. ಹಳಬರೂ ಹೊಸಬರೂ ಆ ಬಾಗಿಲಿನಿಂದ ಒಟ್ಟಿಗೆ ಒಳಗೆ ಹೋಗಬಹುದು. ಎರಡು ಪುಸ್ತಕಗಳ ನಡುವೆ ಹತ್ತು ವರ್ಷದ ಅಂತರ ಕಂಡರೆ ಅದನ್ನು ಗುರುತು ಹಾಕಿಕೊಳ್ಳಿ.

ಬ್ರಿಜರ್ಟನ್ ಎರಡನೆಯ ಬಗೆಯದು. ಮನೆಯಲ್ಲಿ ಎಂಟು ಮಕ್ಕಳು, ಒಬ್ಬೊಬ್ಬರಿಗೆ ಒಂದೊಂದು ಪುಸ್ತಕ. 2000ದಿಂದ 2006ರವರೆಗೆ ಎಂಟೂ ಬಂದವು. ಇಂಥದ್ದನ್ನು ಎಲ್ಲಿಂದ ಬೇಕಾದರೂ ಓದಬಹುದು, ಒಂದು ಎಚ್ಚರಿಕೆಯೊಡನೆ. ಮೊದಲ ನಾಲ್ಕು ಪುಸ್ತಕಗಳಲ್ಲಿ ಲೇಡಿ ವಿಸಲ್‌ಡೌನ್ ಎಂಬ ಹೆಸರಿನಲ್ಲಿ ಒಬ್ಬಳು ಲಂಡನ್ನಿನ ದೊಡ್ಡ ಮನೆಗಳ ಗುಟ್ಟುಗಳನ್ನು ಅಚ್ಚು ಹಾಕಿಸಿ ಹಂಚುತ್ತಾಳೆ. ಅವಳು ಯಾರೆಂಬುದು ನಾಲ್ಕನೆಯದರಲ್ಲಿ ಬಯಲಾಗುತ್ತದೆ. ಆ ಕುತೂಹಲ ಉಳಿಯಬೇಕು ಎನ್ನುವವರು ನಾಲ್ಕನೆಯದನ್ನು ಮುಗಿಸಿಯೇ ಮುಂದಕ್ಕೆ ಹೋಗಲಿ. ನಾನು ಇಲ್ಲಿ ಅವಳ ಹೆಸರು ಹೇಳುವುದಿಲ್ಲ. ಆರನೆಯ ಪುಸ್ತಕದ ಮೊದಲ ಭಾಗದ ಘಟನೆಗಳನ್ನು ಮಾತ್ರ ಹೇಳದೆ ವಿಧಿಯಿಲ್ಲ. ಅವು ಕಥೆಯ ಅಡಿಪಾಯ.

ಇಸವಿಗಳ ಹಾಳೆ

ಈ ಹಂತಕ್ಕೆ ಅರ್ಧ ಗಂಟೆ ಕೊಡಿ. ನನ್ನ ಅನುಭವದಲ್ಲಿ ಉಳಿದೆಲ್ಲ ತಯಾರಿಗಿಂತ ಇದೇ ಹೆಚ್ಚು ಉಪಯೋಗಕ್ಕೆ ಬಂತು. ಒಂದು ಬಿಳಿ ಹಾಳೆ ತೆಗೆದುಕೊಂಡು ಎಡಗಡೆ ಇಸವಿ, ಬಲಗಡೆ ಆ ಇಸವಿಯಲ್ಲಿ ಕಥೆ ನಡೆಯುವ ಪುಸ್ತಕ ಎಂದು ಬರೆಯಿರಿ. ಪುಸ್ತಕ ಪ್ರಕಟವಾದ ವರ್ಷ ಬೇಡ, ಒಳಗಿನ ಕಥೆಯ ವರ್ಷ ಬೇಕು. ಈ ಸರಣಿಯಲ್ಲಿ ಅದು ಸುಲಭ, ಅಧ್ಯಾಯಗಳಲ್ಲೇ ವರ್ಷ ಸಿಗುತ್ತದೆ.

ಹೀಗೆ ಬರೆದಾಗ ನನ್ನ ಹಾಳೆಯಲ್ಲಿ ಕಂಡದ್ದು ಇದು. ಮೊದಲನೆಯದು 1813. ಎರಡನೆಯದು 1814. ಮೂರನೆಯದು 1815ರಲ್ಲಿ ಶುರುವಾಗಿ 1817ಕ್ಕೆ ಮುಗಿಯುತ್ತದೆ. ನಾಲ್ಕನೆಯದು ಒಮ್ಮೆಗೇ 1824ಕ್ಕೆ ಹಾರುತ್ತದೆ. ಐದನೆಯದೂ 1824. ಆರನೆಯದರ ಮೊದಲ ಭಾಗ 1820ರ ಮಾರ್ಚ್, ಎರಡನೆಯ ಭಾಗ ನಾಲ್ಕು ವರ್ಷದ ನಂತರ, ಮತ್ತೆ 1824. ಏಳನೆಯದು 1825, ಎಂಟನೆಯದು 1827.

ಹಾಳೆಯ ಮೇಲೆ ಎರಡು ವಿಷಯ ತಾವಾಗಿಯೇ ಎದ್ದು ಕಾಣುತ್ತವೆ. ಮೂರಕ್ಕೂ ನಾಲ್ಕಕ್ಕೂ ನಡುವೆ ಏಳು ವರ್ಷ ಖಾಲಿ, ಆರನೆಯ ಪುಸ್ತಕ ಹೋಗಿ ಕುಳಿತಿರುವುದು ಆ ಖಾಲಿಯಲ್ಲಿ. ಇನ್ನೊಂದು, ನಾಲ್ಕು, ಐದು, ಆರು ಮೂರೂ 1824ರ ಒಂದೇ ವಸಂತದಲ್ಲಿ ಅಕ್ಕಪಕ್ಕದಲ್ಲಿ ನಡೆಯುತ್ತಿವೆ. ಲಂಡನ್ನಿನಲ್ಲಿ ಅಣ್ಣ ಕಾಲಿನ್ ತನ್ನ ಪ್ರೇಮದ ಗೋಜಲಿನಲ್ಲಿದ್ದಾನೆ. ಒಂದು ಔತಣದ ರಾತ್ರಿ ಅಕ್ಕ ಎಲೋಯಿಸ್ ಯಾರಿಗೂ ಹೇಳದೆ ಮನೆ ಬಿಟ್ಟು ಹೊರಟಿದ್ದಾಳೆ. ಅದೇ ಋತುವಿನಲ್ಲಿ ತಂಗಿ ಫ್ರಾನ್ಸೆಸ್ಕಾ ತನ್ನ ವೈಧವ್ಯದ ಐದನೆಯ ವರ್ಷಕ್ಕೆ ಕಾಲಿಟ್ಟಿದ್ದಾಳೆ. ಮೊದಲ ಪುಸ್ತಕಗಳನ್ನು ಓದಿದವರಿಗೆ ಫ್ರಾನ್ಸೆಸ್ಕಾ ಒಂದು ಹೆಸರು ಮಾತ್ರ. ಅವಳು ಸ್ಕಾಟ್ಲೆಂಡಿನಲ್ಲಿದ್ದಾಳೆ ಎಂದು ಯಾರೋ ಹೇಳುತ್ತಾರೆ, ಮಾತು ಮುಂದಕ್ಕೆ ಹೋಗುತ್ತದೆ. ಎಂಟು ಮಕ್ಕಳ ಮನೆಯಲ್ಲಿ ಹೀಗೆ ಕಣ್ಣಿಗೆ ಬೀಳದ ಒಬ್ಬಳು ಇದ್ದೇ ಇರುತ್ತಾಳೆ. ಅವಳ ಪುಸ್ತಕವನ್ನೇ ಮೊದಲು ಓದಿದವರಿಗೆ ಅವಳು ಎಂದೂ ಬರೀ ಹೆಸರಾಗುವುದಿಲ್ಲ. ನಡುವಿನಿಂದ ಓದಿದ್ದರ ಲಾಭ ಇದು.

ಅದೇ ಹಾಳೆಯಲ್ಲಿ ಮೂರನೆಯ ಅಂಕಣವೊಂದನ್ನು ಖಾಲಿ ಬಿಡಿ. ಅದರಲ್ಲಿ ಏನು ತುಂಬಬೇಕೆಂದು ಮುಂದೆ ಹೇಳುತ್ತೇನೆ.

ಮನೆಯವರ ಹೆಸರು

ಇದು ಸುಲಭದ ಕೆಲಸ. ಬ್ರಿಜರ್ಟನ್ ಮಕ್ಕಳ ಹೆಸರುಗಳು ಇಂಗ್ಲಿಷ್ ಅಕ್ಷರಮಾಲೆಯ ಕ್ರಮದಲ್ಲೇ ಇವೆ: ಆಂಟನಿ, ಬೆನೆಡಿಕ್ಟ್, ಕಾಲಿನ್, ಡಾಫ್ನಿ, ಎಲೋಯಿಸ್, ಫ್ರಾನ್ಸೆಸ್ಕಾ, ಗ್ರೆಗರಿ, ಹಯಸಿಂತ್. ಹಿರಿಯ ಕಿರಿಯ ಎಂಬುದು ಹೆಸರಿನ ಮೊದಲ ಅಕ್ಷರದಲ್ಲೇ ತಿಳಿಯುತ್ತದೆ. ತಾಯಿ ವಯಲೆಟ್. ತಂದೆ ಎಡ್ಮಂಡ್ 1803ರಲ್ಲಿ, ಮೂವತ್ತೆಂಟರ ವಯಸ್ಸಿನಲ್ಲಿ ಜೇನುನೊಣ ಕಚ್ಚಿ ತೀರಿಕೊಂಡ. ಕೊನೆಯ ವಾಕ್ಯವನ್ನು ಹಾಳೆಯಲ್ಲಿ ಬರೆದು ಅಡಿಗೆರೆ ಎಳೆಯಿರಿ. ಚಿಕ್ಕ ವಯಸ್ಸಿನಲ್ಲಿ ಗಂಡನನ್ನು ಕಳೆದುಕೊಂಡ ತಾಯಿ, ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡ ಮಗಳು. ಆರನೆಯ ಪುಸ್ತಕದಲ್ಲಿ ಇವರಿಬ್ಬರು ಎದುರುಬದುರು ಕುಳಿತಾಗ ಆ ಕೋಣೆಯಲ್ಲಿ ಹೇಳದೆ ಉಳಿಯುವ ಮಾತು ಎಷ್ಟಿದೆ ಎಂದು ಗೊತ್ತಾಗಲು ಅಷ್ಟು ತಿಳಿದಿದ್ದರೆ ಸಾಕು.

ಬಿರುದು, ಆಸ್ತಿ ಮತ್ತು ಏಳು ನಿಮಿಷ

ಇಂಗ್ಲಿಷ್ ಐತಿಹಾಸಿಕ ಪ್ರೇಮಕಾದಂಬರಿಗಳಲ್ಲಿ ಕನ್ನಡದ ಓದುಗರು ಎಡವುವುದು ಹೆಚ್ಚಾಗಿ ಇಲ್ಲಿಯೇ. ಒಬ್ಬನಿಗೆ ಮೂರು ಹೆಸರು. ಜಾನ್ ಸ್ಟರ್ಲಿಂಗ್ ಕಿಲ್‌ಮಾರ್ಟಿನ್‌ನ ಅರ್ಲ್, ಅಂದರೆ ವಂಶಪಾರಂಪರ್ಯವಾಗಿ ಬರುವ ಆ ಪದವಿಯುಳ್ಳವನು. ಆದ್ದರಿಂದ ಹೊರಗಿನವರ ಬಾಯಲ್ಲಿ ಅವನು ‘ಕಿಲ್‌ಮಾರ್ಟಿನ್’. ಅವನ ಹೆಂಡತಿ ಫ್ರಾನ್ಸೆಸ್ಕಾ ‘ಲೇಡಿ ಕಿಲ್‌ಮಾರ್ಟಿನ್’. ಅಣ್ಣ ಆಂಟನಿಯ ವೈಕೌಂಟ್ ಪದವಿಯ ಹೆಸರೂ ಮನೆತನದ ಹೆಸರೂ ಒಂದೇ, ಬ್ರಿಜರ್ಟನ್. ಅದರಿಂದ ಅವನ ವಿಷಯದಲ್ಲಿ ಗೊಂದಲವಿಲ್ಲ. ಪಾತ್ರದ ಮೂರೂ ಹೆಸರನ್ನು ಹಾಳೆಯಲ್ಲಿ ಒಂದೇ ಸಾಲಿನಲ್ಲಿ ಬರೆದಿಟ್ಟುಕೊಳ್ಳಿ.

ಬರೆದುಕೊಂಡ ಮೇಲೆ ಒಂದು ವಿಷಯ ಗಮನಿಸಿ. ಪದವಿಯ ಹೆಸರು ಮನುಷ್ಯನ ಜೊತೆ ಸಾಯುವುದಿಲ್ಲ. ಮುಂದಿನವನ ಮೇಲೆ ಬಂದು ಕೂರುತ್ತದೆ.

ಕಥೆಯ ಗಂಟು ಇರುವುದು ಇಲ್ಲೇ. ಜಾನ್‌ನ ತಂದೆಯೂ ಕಥಾನಾಯಕ ಮೈಕೆಲ್‌ನ ತಂದೆಯೂ ಅವಳಿಗಳು. ಜಾನ್‌ನ ತಂದೆ ಏಳು ನಿಮಿಷ ಮೊದಲು ಹುಟ್ಟಿದ. ಆ ಏಳು ನಿಮಿಷದ ಬಲದಿಂದ ಜಾನ್ ಅರ್ಲ್ ಆದ, ಮೈಕೆಲ್ ಬರೀ ಮೈಕೆಲ್ ಆಗಿ ಉಳಿದ. ಇಂಗ್ಲಿಷಿನಲ್ಲಿ ಇವರನ್ನು ‘ಕಸಿನ್’ ಎಂದು ಬಿಡುತ್ತಾರೆ. ಆ ಪದಕ್ಕೆ ಸೋದರಮಾವನ ಮಗನೂ ಒಂದೇ, ದೊಡ್ಡಪ್ಪನ ಮಗನೂ ಒಂದೇ. ನೀವು ಓದುವಾಗ ಕನ್ನಡದ ಪದ ಇಟ್ಟುಕೊಂಡು ಓದಿ: ದೊಡ್ಡಪ್ಪನ ಮಗ, ದಾಯಾದಿ. ನಮ್ಮ ಲೆಕ್ಕದಲ್ಲಿ ಒಡಹುಟ್ಟಿದವನಿಗೆ ಸಮ. ಹಾಗಾದರೆ ಫ್ರಾನ್ಸೆಸ್ಕಾ ಮೈಕೆಲ್‌ಗೆ ಅತ್ತಿಗೆಯ ಸ್ಥಾನದವಳು. ಅವಳ ಮದುವೆಗೆ ಇನ್ನೇನು ಗಳಿಗೆ ಹತ್ತಿರವಾಯಿತು ಎನ್ನುವಾಗ ಮೊದಲ ಸಲ ಅವಳನ್ನು ನೋಡಿ ಸೋತವನು ಅವನು. ಎರಡು ವರ್ಷ ಆ ಮನೆಯಲ್ಲಿ ನಗುತ್ತಾ ಓಡಾಡಿಕೊಂಡು, ಒಳಗಿನದನ್ನು ಒಳಗೇ ಇಟ್ಟುಕೊಂಡಿದ್ದಾನೆ. ಒಂದು ಸಂಜೆ ತಲೆನೋವೆಂದು ಮಲಗಿದ ಜಾನ್ ಏಳುವುದಿಲ್ಲ. ಪದವಿ, ಮನೆ, ಭೂಮಿ ಎಲ್ಲವೂ ಮೈಕೆಲ್‌ನ ಕಡೆಗೆ ತಿರುಗುತ್ತವೆ. ತನ್ನ ದಾಯಾದಿಯದೇ ಆಗಿದ್ದ ‘ಕಿಲ್‌ಮಾರ್ಟಿನ್’ ಎಂಬ ಹೆಸರಿನಿಂದ ಜನ ತನ್ನನ್ನು ಕರೆಯುವುದನ್ನು ಅವನು ಕೇಳಿಸಿಕೊಳ್ಳಬೇಕು. ಆ ಒಂದು ಕರೆಯಲ್ಲಿ ಅವನಿಗೆ ಆಗುವ ಹಿಂಸೆಯನ್ನು ‘ಕಸಿನ್’ ಎಂಬ ಪದ ಮುಟ್ಟಿಸುವುದಿಲ್ಲ, ‘ದಾಯಾದಿ’ ಮುಟ್ಟಿಸುತ್ತದೆ.

ಕಾನೂನಿನ ಒಂದು ಸಣ್ಣ ವಿವರ ಗೊತ್ತಿದ್ದರೆ ಓದು ಇನ್ನಷ್ಟು ಬಿಗಿಯಾಗುತ್ತದೆ. ಇಂಗ್ಲೆಂಡಿನ ಚರ್ಚು ಯಾರು ಯಾರನ್ನು ಮದುವೆಯಾಗಬಾರದು ಎಂದು ಪಟ್ಟಿ ಮಾಡಿಟ್ಟಿತ್ತು, ಅದರಲ್ಲಿ ಸತ್ತ ಅಣ್ಣನ ಅಥವಾ ತಮ್ಮನ ಹೆಂಡತಿಯೂ ಸೇರಿದ್ದಳು. ಆ ನಿಷೇಧ ಕಾನೂನಿನಿಂದ ಹೋದದ್ದು 1921ರಲ್ಲಿ. ದೊಡ್ಡಪ್ಪನ ಮಗನ ವಿಧವೆ ಆ ಪಟ್ಟಿಯಲ್ಲಿ ಇಲ್ಲ. ಅಂದರೆ ಮೈಕೆಲ್‌ನ ದಾರಿಗೆ ಕಾನೂನು ಅಡ್ಡ ನಿಂತಿಲ್ಲ, ಅವನ ಮನಸ್ಸೇ ನಿಂತಿದೆ. ಅವನು ಒಡಹುಟ್ಟಿದ ತಮ್ಮನೇ ಆಗಿದ್ದರೆ ಈ ಕಾದಂಬರಿ ಮದುವೆಯ ಮಂಟಪ ಮುಟ್ಟುತ್ತಲೇ ಇರಲಿಲ್ಲ.

ಪತ್ರಗಳನ್ನು ಹಾರಿಸಬೇಡಿ

ಮೊದಲ ನಾಲ್ಕು ಪುಸ್ತಕಗಳಲ್ಲಿ ಪ್ರತಿ ಅಧ್ಯಾಯದ ನೆತ್ತಿಯ ಮೇಲೆ ವಿಸಲ್‌ಡೌನಳ ಅಂಕಣದ ತುಣುಕು ಇರುತ್ತದೆ. ಐದು ಮತ್ತು ಆರರಲ್ಲಿ ಆ ಜಾಗಕ್ಕೆ ಪತ್ರಗಳು ಬಂದಿವೆ. ಕಥೆಯ ಆತುರದಲ್ಲಿ ಅವನ್ನು ದಾಟಿಕೊಂಡು ಹೋಗುವವರೇ ಹೆಚ್ಚು. ನಾನೂ ಮೊದಲ ಸಲ ಹಾಗೇ ಮಾಡಿದ್ದೆ.

ಎರಡನೆಯ ಸಲ ಪತ್ರದ ಕೆಳಗಿನ ಸಾಲನ್ನು, ಅಂದರೆ ಯಾರಿಂದ ಯಾರಿಗೆ ಎಂಬುದನ್ನು, ಮೊದಲು ಓದಿ ಆಮೇಲೆ ಪತ್ರ ಓದಿದೆ. ಕಥೆಯ ನಾಲ್ಕು ವರ್ಷದ ಬಿರುಕನ್ನು ಹೊಲಿದಿರುವುದು ಈ ಪತ್ರಗಳೇ. ಜಾನ್ ಸತ್ತ ಮೇಲೆ ಮೈಕೆಲ್ ಇಂಡಿಯಾಕ್ಕೆ ಹೊರಟುಬಿಡುತ್ತಾನೆ. ಆಗ ಸೂಯೆಜ್ ಕಾಲುವೆ ಇರಲಿಲ್ಲ, ಅದು ತೆರೆದದ್ದು 1869ರಲ್ಲಿ. ಇಂಗ್ಲೆಂಡಿನಿಂದ ಮದ್ರಾಸಿಗೆ ಬರುವ ಹಡಗು ಆಫ್ರಿಕಾದ ತುದಿಯನ್ನು ಸುತ್ತಿಕೊಂಡು ಬರಬೇಕು. ಸುಮಾರು ನಾಲ್ಕರಿಂದ ಆರು ತಿಂಗಳ ಪಯಣ. ಒಂದು ಪತ್ರ ಬರೆದು ಅದಕ್ಕೆ ಉತ್ತರ ಕೈಗೆ ಬರಲು ಒಂದು ವರ್ಷ ಹಿಡಿಯುತ್ತಿತ್ತು. ಫ್ರಾನ್ಸೆಸ್ಕಾ ಬರೆದ ಒಂದು ಸಾಲು ಎದುರಾದಾಗ ಈ ಲೆಕ್ಕ ಹಾಕಿ ನೋಡಿ: ಅದು ಅವನ ಕೈ ಸೇರುವ ಹೊತ್ತಿಗೆ ಅವಳ ಮನಸ್ಸಿನ ಹವೆ ಬದಲಾಗಿ ಎಷ್ಟು ಕಾಲವಾಗಿರುತ್ತದೆ? ಅಣ್ಣ ಅಕ್ಕಂದಿರ ಮದುವೆಗಳೂ ಈ ಪುಸ್ತಕದಲ್ಲಿ ದೂರದ ಸುದ್ದಿಯಾಗಿಯೇ ಬರುತ್ತವೆ. ಬೇರೆ ಎರಡು ಪುಸ್ತಕಗಳ ಉತ್ಕಟ ಘಟ್ಟ ಇಲ್ಲಿ ಕಾಗದದ ಮೇಲಿನ ನಾಲ್ಕು ಮಾತು. ದೂರದ ಊರಿಗೆ ಮದುವೆಯಾಗಿ ಹೋದ ಹೆಣ್ಣುಮಕ್ಕಳಿಗೆ ತವರಿನ ಸುದ್ದಿ ಹೀಗೆಯೇ ತಲುಪುತ್ತಿತ್ತು.

ಹಳಬರು ಬಂದು ಹೋಗುವಾಗ

ದೀರ್ಘ ಸರಣಿಯ ಕೊನೆಯ ಪುಸ್ತಕಗಳಲ್ಲಿ ಹಿಂದಿನ ನಾಯಕ ನಾಯಕಿಯರು ಬಂದು ಮುಖ ತೋರಿಸಿ ಹೋಗುತ್ತಾರೆ. ಮೊದಲಿನಿಂದ ಓದಿದವರಿಗೆ ಅದು ನೆಂಟರು ಬಂದ ಸಂತೋಷ. ನಿಮಗೆ ಅವರು ಅಪರಿಚಿತರು. ಹೆಸರು ಹುಡುಕಲು ಮೊಬೈಲ್ ಕೈಗೆತ್ತಿಕೊಳ್ಳಬೇಡಿ. ಒಂದು ಹೆಸರು ಹುಡುಕಿದರೆ ಅದರ ಹಿಂದೆಯೇ ಇಡೀ ಕಥೆ ಬಂದು ಬೀಳುತ್ತದೆ. ಹೆಸರಿನ ಪಕ್ಕದಲ್ಲಿ ಪೆನ್ಸಿಲಿನ ಚುಕ್ಕೆ ಇಟ್ಟು ಮುಂದುವರಿಯಿರಿ. ಮೂರು ಸಲ ಬಂದವರು ಮಾತ್ರ ಈ ಪುಸ್ತಕಕ್ಕೆ ಮುಖ್ಯ.

ಆರನೆಯದರಲ್ಲಿ ನನ್ನ ಹಾಳೆಯಲ್ಲಿ ಚುಕ್ಕೆಗಳು ಬಿದ್ದದ್ದು ಕಾಲಿನ್‌ಗೆ. ಅವನು ಮೈಕೆಲ್‌ನ ಒಳಗುಟ್ಟನ್ನು ಊಹಿಸಿಬಿಡುತ್ತಾನೆ. ಹಾಗಾದರೆ ಅವಳನ್ನು ಮದುವೆಯಾಗು ಎಂದು ನೇರವಾಗಿ ಹೇಳುವವನೂ ಅವನೇ. ಮೊದಲ ಓದಿಗೆ ಅವನು ಜಾಣ ಭಾವಮೈದುನನಂತೆ ಮಾತ್ರ ಕಂಡ. ಅವನ ವಿಷಯಕ್ಕೆ ಕೊನೆಯಲ್ಲಿ ಬರುತ್ತೇನೆ.

ಇನ್ನೊಂದು ಮಾತು ನೇರವಾಗಿ ಹೇಳಬೇಕು. ಈ ಪುಸ್ತಕ ದೊಡ್ಡವರಿಗೆ. ಶೃಂಗಾರದ ಸನ್ನಿವೇಶಗಳು ಸರಣಿಯ ಬೇರೆ ಪುಸ್ತಕಗಳಿಗಿಂತ ಇದರಲ್ಲಿ ಹೆಚ್ಚು, ಬಿಚ್ಚುಮಾತಿನವು. ಹೈಸ್ಕೂಲಿನ ಮಕ್ಕಳಿಗೆ ಉಡುಗೊರೆಯಾಗಿ ಕೊಡಬೇಡಿ. ಎರಡನೆಯ ಭಾಗದಲ್ಲಿ ಮೈಕೆಲ್ ಅವಳ ಮೈಯ ಆಸೆಯ ಮೂಲಕವೇ ಅವಳನ್ನು ಮದುವೆಗೆ ಒಪ್ಪಿಸಲು ಹೊರಡುತ್ತಾನೆ. ಅದು ನನಗೆ ಹಿಡಿಸಲಿಲ್ಲ. ಮೊದಲ ಭಾಗದಲ್ಲಿ ಅಷ್ಟು ತಾಳ್ಮೆಯಿಂದ ಕಾದವನು ಅವಳ ಯೋಚನೆಗೂ ಕಾಯಬಹುದಿತ್ತು. ನನ್ನ ಮೆಚ್ಚುಗೆ ಮೊದಲ ಭಾಗಕ್ಕೆ, ಸಾವಿನ ನಂತರದ ಆ ದಿನಗಳ ಚಿತ್ರಣಕ್ಕೆ. ಹೌಸ್ ಆಫ್ ಲಾರ್ಡ್ಸ್‌ನ ಕಡೆಯಿಂದ ಒಬ್ಬ ಬಂದು ವಿಧವೆ ಗರ್ಭಿಣಿಯೇ ಎಂದು ವಿಚಾರಿಸುತ್ತಾನೆ. ಗಂಡು ಮಗು ಹುಟ್ಟಿದರೆ ಆ ಕೂಸೇ ಅರ್ಲ್, ಇಲ್ಲವಾದರೆ ಮೈಕೆಲ್. ದುಃಖದಲ್ಲಿರುವ ಹೆಣ್ಣಿನ ಒಡಲು ಸರ್ಕಾರದ ಕಡತದ ವಿಷಯವಾಗುವ ಆ ಸನ್ನಿವೇಶವನ್ನು ನಿಧಾನವಾಗಿ ಓದಿ. ಅವಳು ಬಸುರಿ ಹೌದು. ಆ ಮಗು ಉಳಿಯುವುದಿಲ್ಲ.

ಮೂರನೆಯ ಅಂಕಣ: ಆಗ ಲೋಕದಲ್ಲಿ, ಆಗ ನಮ್ಮಲ್ಲಿ

ಈಗ ಖಾಲಿ ಬಿಟ್ಟ ಅಂಕಣಕ್ಕೆ ಬನ್ನಿ. ಕಥೆಯ ಪ್ರತಿ ಇಸವಿಯ ಮುಂದೆ ನಿಜವಾದ ಚರಿತ್ರೆಯ ಒಂದೆರಡು ಸಾಲು ಬರೆಯಿರಿ. ಇದನ್ನು ಪುಸ್ತಕ ಅರ್ಧ ಮುಗಿದ ಮೇಲೆ ಮಾಡಿದರೆ ಒಳ್ಳೆಯದು. ಮೊದಲೇ ಮಾಡಿದರೆ ಪರೀಕ್ಷೆಗೆ ಓದಿದಂತಾಗುತ್ತದೆ.

1820ರ ಜನವರಿ 29ರಂದು ಇಂಗ್ಲೆಂಡಿನ ದೊರೆ ಮೂರನೆಯ ಜಾರ್ಜ್ ತೀರಿಕೊಂಡ. ಅವನ ಬದಲಿಗೆ ಮಗ ಆಳುತ್ತಿದ್ದ ರೀಜೆನ್ಸಿ ಕಾಲ 1811ರಲ್ಲಿ ಶುರುವಾಗಿ ಅಂದಿಗೆ ಮುಗಿಯಿತು. ಹಾಗಾಗಿ ರೀಜೆನ್ಸಿ ಪ್ರೇಮಕಾದಂಬರಿ ಎಂದು ಮಾರಾಟವಾಗುವ ಈ ಆರನೆಯ ಪುಸ್ತಕ ಶುರುವಾಗುವುದೇ ರೀಜೆನ್ಸಿ ಮುಗಿದ ಮೇಲೆ. ಅವನ ರಾಣಿ ಷಾರ್ಲೆಟ್ 1818ರಲ್ಲೇ ತೀರಿಕೊಂಡಿದ್ದಳು. ಈ ಕಾದಂಬರಿಗಳನ್ನು ಆಧರಿಸಿದ ಟಿವಿ ಸರಣಿ ನೋಡಿ ಬಂದವರು ಅವಳನ್ನು ಇಲ್ಲಿ ಹುಡುಕಬೇಡಿ. ಅದೇ 1820ರಲ್ಲಿ ಪ್ಯಾರಿಸ್‌ನಲ್ಲಿ ಸಿಂಕೋನಾ ಮರದ ತೊಗಟೆಯಿಂದ ಕ್ವಿನೈನನ್ನು ಬೇರ್ಪಡಿಸಿದರು. ಈ ಸಾಲು ಕಥೆಗೆ ನೇರವಾಗಿ ತಾಗುತ್ತದೆ. ಇಂಡಿಯಾದಿಂದ ಮರಳುವ ಮೈಕೆಲ್ ಮಲೇರಿಯಾ ಹೊತ್ತು ತರುತ್ತಾನೆ. ಚಳಿಜ್ವರ ಬರುತ್ತದೆ, ಬಿಡುತ್ತದೆ, ಮತ್ತೆ ಬರುತ್ತದೆ. ಅದು ಸೊಳ್ಳೆಯಿಂದ ಹರಡುತ್ತದೆ ಎಂಬುದನ್ನು ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಕಂಡುಕೊಂಡದ್ದು 1897ರಲ್ಲಿ. 1824ರವರ ಪಾಲಿಗೆ ಅದು ಕೆಟ್ಟ ಗಾಳಿಯ ಕಾಯಿಲೆ, ಹೆಸರಿನ ಅರ್ಥವೇ ಇಟಾಲಿಯನ್ ಭಾಷೆಯಲ್ಲಿ ‘ಕೆಟ್ಟ ಗಾಳಿ’. ಫ್ರಾನ್ಸೆಸ್ಕಾ ಅವನ ಹಾಸಿಗೆಯ ಪಕ್ಕ ಕುಳಿತಾಗ ಅವಳ ಹೆದರಿಕೆ ಎಷ್ಟು ದೊಡ್ಡದಿತ್ತು ಎಂಬುದು ಇದರಿಂದ ತಿಳಿಯುತ್ತದೆ.

ಇನ್ನು ನಮ್ಮ ಕಡೆಯ ಸಾಲುಗಳು. ಮೈಕೆಲ್ ಮದ್ರಾಸಿನಲ್ಲಿ ಇರುವ ವರ್ಷಗಳಲ್ಲಿ ಅಲ್ಲಿನ ಗವರ್ನರ್ ಆಗಿದ್ದವನು ಸರ್ ಥಾಮಸ್ ಮನ್ರೋ, 1820ರಿಂದ 1827ರವರೆಗೆ. ಈ ಹೆಸರು ಕನ್ನಡಿಗರಿಗೆ ಹೊಸದಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕೆನರಾ ಜಿಲ್ಲೆಯ ಕಲೆಕ್ಟರ್ ಆಗಿ ಬಂದವನು, ಆಮೇಲೆ ಬಳ್ಳಾರಿ ಸೀಮೆಯಲ್ಲಿ ಇದ್ದವನು. ಮಂತ್ರಾಲಯದಲ್ಲಿ ರಾಘವೇಂದ್ರ ಸ್ವಾಮಿಗಳು ಬೃಂದಾವನದಿಂದ ಎದ್ದು ಬಂದು ಮಾತನಾಡಿದರು ಎಂದು ನಾವು ಚಿಕ್ಕಂದಿನಿಂದ ಕೇಳಿದ ಕಥೆಯಲ್ಲಿ ಬರುವ ಮನ್ರೋ ಸಾಹೇಬ ಇವನೇ.

1824ರ ಮುಂದೆ ಏನು ಬರೆಯಬೇಕೆಂದು ಕನ್ನಡಿಗರಿಗೆ ಹೇಳಿಕೊಡಬೇಕಾಗಿಲ್ಲ. ಕಿತ್ತೂರು. ಆ ವರ್ಷದ ಸೆಪ್ಟೆಂಬರಿನಲ್ಲಿ ಶಿವಲಿಂಗರುದ್ರ ಸರ್ಜ ಮಕ್ಕಳಿಲ್ಲದೆ ತೀರಿಕೊಂಡ, ದತ್ತು ತೆಗೆದುಕೊಂಡ ಹುಡುಗನನ್ನು ಕಂಪನಿ ಒಪ್ಪಲಿಲ್ಲ. ಅಕ್ಟೋಬರ್ 23ರಂದು ಕೋಟೆಯ ಮುಂದೆ ಧಾರವಾಡದ ಕಲೆಕ್ಟರ್ ಥ್ಯಾಕರೆ ಸತ್ತ. ಡಿಸೆಂಬರಿನಲ್ಲಿ ಕೋಟೆ ಬಿತ್ತು. ಆ ಕಾಳಗದಲ್ಲಿ ಸತ್ತ ಸೊಲ್ಲಾಪುರದ ಸಬ್ ಕಲೆಕ್ಟರ್ ಮನ್ರೋ, ಗವರ್ನರ್ ಮನ್ರೋನ ಬಂಧು. ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ತೀರಿಕೊಂಡಳು.

ಹಾಳೆಯಲ್ಲಿ ಇವೆರಡನ್ನು ಅಕ್ಕಪಕ್ಕ ಬರೆದಾಗ ನಾನು ಸ್ವಲ್ಪ ಹೊತ್ತು ಪೆನ್ಸಿಲ್ ಕೆಳಗಿಟ್ಟೆ. ಸ್ಕಾಟ್ಲೆಂಡಿನ ಕಥೆಯಲ್ಲಿ ಗಂಡ ಮಕ್ಕಳಿಲ್ಲದೆ ಸತ್ತಾಗ ಪಟ್ಟ ಯಾರಿಗೆ ಎಂಬ ಪ್ರಶ್ನೆಗೆ ಅಲ್ಲಿಯದೇ ಪದ್ಧತಿ ಉತ್ತರ ಕೊಡುತ್ತದೆ. ರಕ್ತಸಂಬಂಧದ ಮುಂದಿನ ಗಂಡಸಿಗೆ ಹೋಗಬೇಕು, ದತ್ತು ಅಲ್ಲಿ ನಡೆಯುವುದಿಲ್ಲ. ಅದನ್ನು ಎಲ್ಲರೂ ಗೌರವದಿಂದ ನಡೆಸಿಕೊಡುತ್ತಾರೆ. ಕಿತ್ತೂರಿನಲ್ಲಿ ದತ್ತು ನಮ್ಮ ಪದ್ಧತಿಯಾಗಿತ್ತು. ಅದನ್ನು ಒಪ್ಪುವ, ಒಪ್ಪದಿರುವ ಅಧಿಕಾರವನ್ನು ಕಂಪನಿ ತನ್ನ ಕೈಗೆ ತೆಗೆದುಕೊಂಡಿತು. ಈ ಕಾದಂಬರಿಗೆ ಅದೆಲ್ಲ ಕಾಣುವುದಿಲ್ಲ. ಅದರ ಪಾಲಿಗೆ ಇಂಡಿಯಾ ಒಂದು ದೂರದ ಜಾಗ: ನಾಯಕ ನೋವಿನಿಂದ ಓಡಿಹೋಗಲು, ಜ್ವರ ಹಿಡಿದು ಮರಳಲು. ಅದಕ್ಕಾಗಿ ಪುಸ್ತಕವನ್ನು ದೂರ ಎಸೆಯಬೇಕೆಂದು ನಾನು ಹೇಳುವುದಿಲ್ಲ. ಅದು ಹೇಳುವ ಪ್ರೀತಿ ನನಗೆ ನಿಜವೆನಿಸಿತು. ಆದರೆ ಆ ನಾಲ್ಕು ವರ್ಷ ಮೈಕೆಲ್ ಕಾಲಿಟ್ಟಿದ್ದ ನೆಲದಲ್ಲಿ ಜನ ಇದ್ದರು, ಅವರ ಮನೆಯಲ್ಲೂ ವಿಧವೆಯರಿದ್ದರು, ಉತ್ತರಾಧಿಕಾರದ ಕಥೆಗಳಿದ್ದವು. ನಮ್ಮಲ್ಲಿ ಹಿಂದೂ ವಿಧವೆಯ ಮರುಮದುವೆಗೆ ಕಾನೂನಿನ ಒಪ್ಪಿಗೆ ಸಿಕ್ಕಿದ್ದು 1856ರಲ್ಲಿ. ಫ್ರಾನ್ಸೆಸ್ಕಾ 1824ರಲ್ಲಿ ತನಗೊಂದು ಮಗು ಬೇಕು, ಅದಕ್ಕೆ ಮತ್ತೆ ಮದುವೆಯಾಗುತ್ತೇನೆ ಎಂದು ತಾನೇ ತೀರ್ಮಾನಿಸಿ ಲಂಡನ್ನಿಗೆ ಹೊರಡುವ ಪುಟವನ್ನು ಓದುವಾಗ ಈ ಇಸವಿಯೂ ನಿಮ್ಮ ಹಾಳೆಯಲ್ಲಿರಲಿ.

ಮುಗಿದ ಮೇಲೆ ಯಾವುದು

ಕೊನೆಯ ಪುಟ ಮುಗಿದ ಕೂಡಲೇ ಪುಸ್ತಕದ ಹಿಂಭಾಗ ನೋಡಿ. ಜೂಲಿಯಾ ಕ್ವಿನ್ ಎಂಟೂ ಕಥೆಗಳಿಗೆ ಎರಡನೆಯ ಉಪಸಂಹಾರ ಬರೆದಿದ್ದಾರೆ. ಅವೆಲ್ಲ 2013ರಲ್ಲಿ ಒಂದು ಸಂಪುಟವಾಗಿಯೂ ಬಂದವು. ಹಳೆಯ ಪ್ರತಿಗಳಲ್ಲಿ ಅದು ಇರುವುದಿಲ್ಲ, ನನ್ನ ಫುಟ್‌ಪಾತಿನ ಪ್ರತಿಯಲ್ಲೂ ಇರಲಿಲ್ಲ. ಫ್ರಾನ್ಸೆಸ್ಕಾಳ ಮಗುವಿನ ಆಸೆ ಏನಾಯಿತು ಎಂದು ಮನಸ್ಸು ಕೇಳುತ್ತಿದ್ದರೆ ಅದನ್ನು ಹುಡುಕಿ ಓದಲೇಬೇಕು.

ಟಿವಿ ಸರಣಿಯನ್ನು ನೋಡಿದವರಿಗೆ ಒಂದು ಮಾತು. ಅಲ್ಲಿ ಪುಸ್ತಕಗಳ ಕ್ರಮವೇ ಬೇರೆ. ಕಾಲಿನ್‌ನ ನಾಲ್ಕನೆಯ ಪುಸ್ತಕದ ಕಥೆ 2024ರ ಮೂರನೆಯ ಸೀಸನ್‌ನಲ್ಲೇ ಬಂತು. ಆ ಸೀಸನ್‌ನಲ್ಲಿ ಮೈಕೆಲ್‌ನ ಬದಲು ಮೈಕೇಲಾ ಎಂಬ ಹೆಣ್ಣು ಪಾತ್ರ ಕಾಣಿಸಿಕೊಂಡಿತು. ಆದ್ದರಿಂದ ತೆರೆಯ ಕಥೆಯ ಕೀಲಿಯಿಂದ ಈ ಪುಸ್ತಕವನ್ನು ತೆರೆಯಲು ಹೋಗಬೇಡಿ. ಎರಡನ್ನೂ ಬೇರೆ ಬೇರೆಯಾಗಿಯೇ ಇಟ್ಟುಕೊಳ್ಳಿ.

ಆರರ ನಂತರ ಏಳಕ್ಕೆ ಹೋಗಬೇಡಿ, ಮೊದಲನೆಯದಕ್ಕೂ ಓಡಬೇಡಿ. ನಾಲ್ಕನೆಯದನ್ನು ತೆಗೆದುಕೊಳ್ಳಿ, ‘ರೊಮ್ಯಾನ್ಸಿಂಗ್ ಮಿಸ್ಟರ್ ಬ್ರಿಜರ್ಟನ್’. ಅದು 1824ರ ಏಪ್ರಿಲ್‌ಗೆ ನಿಮ್ಮನ್ನು ಕರೆದುಕೊಂಡು ಹೋಗುತ್ತದೆ. ದೇಶ ಸುತ್ತಿ ಬಂದ ಕಾಲಿನ್ ಅಲ್ಲಿ ತನ್ನ ಬದುಕಿಗೆ ಅರ್ಥವೇನು ಎಂದು ತಿಳಿಯದೆ ಒದ್ದಾಡುತ್ತಿದ್ದಾನೆ. ಚಿಕ್ಕಂದಿನಿಂದ ಕಣ್ಣೆದುರೇ ಇದ್ದ ಹೆಣ್ಣನ್ನು ಅವನು ಆ ವಸಂತದಲ್ಲಿ ಮೊದಲ ಸಲ ಸರಿಯಾಗಿ ನೋಡುತ್ತಾನೆ, ಸಿಟ್ಟಾಗುತ್ತಾನೆ, ಹೆದರುತ್ತಾನೆ. ನಿಮ್ಮ ಹಾಳೆಯಲ್ಲಿ ಅವನ ಹೆಸರಿನ ಪಕ್ಕ ಇಟ್ಟ ಪೆನ್ಸಿಲ್ ಚುಕ್ಕೆಗಳನ್ನು ಈಗ ಮತ್ತೆ ನೋಡಿ. ಮೈಕೆಲ್‌ನ ಎದುರು ನಿಂತು ಅಷ್ಟು ಧೈರ್ಯವಾಗಿ, ಅವಳನ್ನು ಮದುವೆಯಾಗು ಎಂದು ಹೇಳಿದವನು ಇದೇ ಮನುಷ್ಯ, ಇದೇ ವರ್ಷದಲ್ಲಿ. ಆರನೆಯ ಪುಸ್ತಕದ ಆ ಪುಟಕ್ಕೆ ಒಮ್ಮೆ ಹಿಂತಿರುಗಿ ಅವನ ಮಾತನ್ನು ಮತ್ತೆ ಓದಿ. ನಾನು ಹಾಗೆ ಓದಿದ ರಾತ್ರಿ ಎರಡೂ ಪುಸ್ತಕಗಳು ಮಂಚದ ಮೇಲೆ ತೆರೆದೇ ಇದ್ದವು.